ಲಕ್ಷಗಟ್ಟಲೆ ಸ್ಯಾಂಪಲ್‌ಗಳ ಲೈಬ್ರರಿಯಲ್ಲಿ ಹುಡುಕಾಟ ಚುರುಕಾಗಬೇಕಾದರೆ: ಸ್ಕ್ಯಾನ್ ಒತ್ತುವ ಮೊದಲಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಸಂಗೀತ ಮತ್ತು ಧ್ವನಿ ಕೆಲಸಕ್ಕೆ ಬಳಸುವ ಸಿದ್ಧ ಸದ್ದಿನ ತುಣುಕುಗಳೇ ಸ್ಯಾಂಪಲ್‌ಗಳು. ಅವುಗಳ ಲೈಬ್ರರಿಯಲ್ಲಿ ಹುಡುಕಲು ನೆರವಾಗುವ ತಂತ್ರಾಂಶವನ್ನು ಹೊಸದಾಗಿ ಹಾಕಿಕೊಂಡವರಲ್ಲಿ ಬಹುತೇಕರು ಮೊದಲು ಮಾಡುವ ಕೆಲಸವೆಂದರೆ ಇಡೀ ಡಿಸ್ಕನ್ನು ತೋರಿಸಿ, ಕಡತಗಳನ್ನೆಲ್ಲ ಪಟ್ಟಿಮಾಡಿಕೊಳ್ಳುವ ಸ್ಕ್ಯಾನ್ ಗುಂಡಿ ಒತ್ತುವುದು. ರಾತ್ರಿ ಶುರುವಾದ ಸ್ಕ್ಯಾನ್ ಬೆಳಗ್ಗೆ ನೋಡಿದರೆ ಅರ್ಧಕ್ಕೆ ನಿಂತಿರುತ್ತದೆ. ಮುಗಿದಿದ್ದರೂ ‘ಕಿಕ್’ (ಡ್ರಮ್ಮಿನ ಒಂದು ಸದ್ದು) ಎಂದು ಹುಡುಕಿದಾಗ ಒಂದೇ ಸದ್ದಿನ ಏಳೆಂಟು ಪ್ರತಿಗಳು, ಸದ್ದೇ ಬಾರದ ಕೆಲವು ಕಡತಗಳು ಮತ್ತು ಪಿಯಾನೋದ ಸಾವಿರಾರು ಬಿಡಿ ಸ್ವರಗಳು ಪಟ್ಟಿಯನ್ನು ತುಂಬಿರುತ್ತವೆ. ಆಗ ತಂತ್ರಾಂಶವೇ ಸರಿಯಿಲ್ಲವೆಂದು ತೀರ್ಮಾನಿಸಿ, ಇನ್ನೊಂದನ್ನು ಕೊಂಡು, ಅದೇ ಕೆಲಸವನ್ನು ಅದೇ ಕ್ರಮದಲ್ಲಿ ಮತ್ತೆ ಮಾಡುತ್ತಾರೆ. ಸೌಂಡ್‌ಮೈನರ್, ಬೇಸ್‌ಹೆಡ್, ಸೌಂಡ್ಲಿ, ಸೊನೊನಿಮ್ ಅಥವಾ ಸಂಗೀತ ತಂತ್ರಾಂಶ ರೀಪರ್‌ನ ಒಳಗೇ ಇರುವ ಮೀಡಿಯಾ ಎಕ್ಸ್‌ಪ್ಲೋರರ್, ಯಾವುದನ್ನು ಬಳಸಿದರೂ ವೇಗದ ಬಹುಪಾಲು ನಿರ್ಧಾರವಾಗುವುದು ಸ್ಕ್ಯಾನ್‌ಗೆ ಮೊದಲು ನಡೆದ ಅಥವಾ ನಡೆಯದ ಕೆಲಸಗಳಿಂದ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಸ್ಕ್ಯಾನ್ ಎಂಬುದು ಎಂಟನೆಯ ಹಂತದಲ್ಲಿ ಬರುತ್ತದೆ. ಅದಕ್ಕೆ ಮೊದಲಿನ ಏಳನ್ನು ಹಾರಿಸಿ ನೇರ ಅಲ್ಲಿಗೆ ಹೋಗುವುದು ಕಸ ಗುಡಿಸದೆ ನೆಲ ಒರೆಸಿದಂತೆ.

ಲೆಕ್ಕಗಳಿಗೆ ಅನುಕೂಲವಾಗಲೆಂದು ಎರಡು ಲಕ್ಷ ಕಡತಗಳ, ಒಟ್ಟು 1 ಟಿಬಿ ಗಾತ್ರದ ಲೈಬ್ರರಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಕೈಯಲ್ಲಿ ಇರಬೇಕಾದ ಸಲಕರಣೆಗಳು

ಕಂಪ್ಯೂಟರಿನೊಳಗೆ ಕನಿಷ್ಠ 100 ಜಿಬಿ ಖಾಲಿ ಇರುವ ಎಸ್‌ಎಸ್‌ಡಿ, ಲೈಬ್ರರಿಯ ಪೂರ್ತಿ ಪ್ರತಿಯನ್ನು ಹಿಡಿಸುವ ಇನ್ನೊಂದು ಡಿಸ್ಕ್, ಡಿಸ್ಕಿನ ವೇಗ ಅಳೆಯಲು ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್, ಪ್ರತಿಗಳನ್ನು ಪತ್ತೆಹಚ್ಚಲು ಡೂಪ್‌ಗುರು ಅಥವಾ ಚ್ಕಾವ್ಕಾ, ಕಡತ ಕೆಟ್ಟಿದೆಯೇ ಎಂದು ನೋಡಲು ಎಫ್‌ಎಫ್‌ಎಂಪೆಗ್, ವೇವ್ ಕಡತದೊಳಗಿನ ವಿವರಗಳನ್ನು ಓದಿ ತಿದ್ದಲು ಬಿಡಬ್ಲ್ಯುಎಫ್ ಮೆಟಾಎಡಿಟ್. ತಂತ್ರಾಂಶಗಳೆಲ್ಲ ಉಚಿತವಾಗಿಯೇ ಸಿಗುತ್ತವೆ. ದುಡ್ಡು ಬೀಳುವುದು ಡಿಸ್ಕುಗಳಿಗೆ, ಮತ್ತು ಅಲ್ಲಿ ಉಳಿತಾಯ ಮಾಡುವುದು ಜಾಣತನವಲ್ಲ.

ಹಂತ 1: ನಿಧಾನವಾಗಿರುವುದು ಯಾವುದು ಎಂದು ಗುರುತಿಸುವುದು

‘ನಿಧಾನವಾಗಿದೆ’ ಎಂಬ ಒಂದೇ ದೂರಿನೊಳಗೆ ನಾಲ್ಕು ಬೇರೆ ಬೇರೆ ತೊಂದರೆಗಳು ಇರಬಹುದು, ಮತ್ತು ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲನೆಯದು ಸ್ಕ್ಯಾನ್ ನಿಧಾನವಾಗಿರುವುದು. ಸ್ಕ್ಯಾನ್ ನಡೆಯುತ್ತಿರುವಾಗಲೇ ವಿಂಡೋಸ್‌ನ ರಿಸೋರ್ಸ್ ಮಾನಿಟರ್ ಅಥವಾ ಮ್ಯಾಕ್‌ನ ಆಕ್ಟಿವಿಟಿ ಮಾನಿಟರ್ ತೆರೆದು ನೋಡಬೇಕು. ಡಿಸ್ಕ್ ಬಿಡುವಿಲ್ಲದೆ ದುಡಿಯುತ್ತಿದ್ದು ಪ್ರೊಸೆಸರ್ ಸುಮ್ಮನಿದ್ದರೆ ತೊಂದರೆ ಡಿಸ್ಕಿನದು. ಪ್ರೊಸೆಸರ್ ಪೂರ್ತಿ ದುಡಿಯುತ್ತಿದ್ದರೆ ತಂತ್ರಾಂಶ ಕೇವಲ ಪಟ್ಟಿ ಮಾಡುತ್ತಿಲ್ಲ, ಸದ್ದಿನ ವಿಶ್ಲೇಷಣೆಯನ್ನೂ ಮಾಡುತ್ತಿದೆ ಎಂದು ಅರ್ಥ. ಆ್ಯಂಟಿವೈರಸ್‌ನ ಸಾಲು ಮೇಲೆ ಬಂದಿದ್ದರೆ ಪ್ರತಿ ಕಡತವನ್ನೂ ಎರಡೆರಡು ಸಲ ಓದಲಾಗುತ್ತಿದೆ. ನೆಟ್‌ವರ್ಕ್ ಅಂಕಿ ಏರುತ್ತಿದ್ದರೆ ನಿಮ್ಮ ಕಡತಗಳು ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ. ಒನ್‌ಡ್ರೈವ್, ಐಕ್ಲೌಡ್ ಅಥವಾ ಡ್ರಾಪ್‌ಬಾಕ್ಸ್ ಜಾಗ ಉಳಿಸಲೆಂದು ಹೆಸರನ್ನಷ್ಟೇ ಇಲ್ಲಿ ಬಿಟ್ಟು ಸದ್ದನ್ನು ಸರ್ವರ್‌ಗೆ ಒಯ್ದಿದೆ, ಈಗ ಸ್ಕ್ಯಾನ್ ಮುಟ್ಟಿದಾಗಲೆಲ್ಲ ಒಂದೊಂದನ್ನೇ ಇಳಿಸುತ್ತಿದೆ. ಇದು ಕಂಡ ಕೂಡಲೇ ಸ್ಕ್ಯಾನ್ ನಿಲ್ಲಿಸಿ, ಆ ಫೋಲ್ಡರನ್ನು ‘ಸದಾ ಈ ಸಾಧನದಲ್ಲೇ ಇರಿಸು’ ಎಂಬ ಆಯ್ಕೆಗೆ ಬದಲಿಸಬೇಕು ಅಥವಾ ಮೋಡದ (ಕ್ಲೌಡ್) ವ್ಯಾಪ್ತಿಯಿಂದಲೇ ಹೊರಗಿಡಬೇಕು.

ಎರಡನೆಯದು ಪದ ಟೈಪ್ ಮಾಡಿದ ಮೇಲೆ ಫಲಿತಾಂಶ ಬರಲು ತಡವಾಗುವುದು. ಪ್ರತಿ ಕಡತಕ್ಕೆ 2 ಕೆಬಿಯಷ್ಟು ವಿವರ ಎಂದು ಹಿಡಿದರೂ ಎರಡು ಲಕ್ಷ ಕಡತಗಳಿಗೆ ಆಗುವುದು ಸುಮಾರು 400 ಎಂಬಿ. ಇಂದಿನ ಸಾಧಾರಣ ಕಂಪ್ಯೂಟರಿನ ಮೆಮೊರಿಯಲ್ಲಿ ಸಲೀಸಾಗಿ ಕೂರುವ ಗಾತ್ರ. ಆದ್ದರಿಂದ ಪದದ ಹುಡುಕಾಟಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿದ್ದರೆ ಡೇಟಾಬೇಸ್ ಇರುವ ಜಾಗ ತಪ್ಪಾಗಿದೆ, ಇಲ್ಲವೇ ತಂತ್ರಾಂಶ ಪದಸೂಚಿಯನ್ನು (ಇಂಡೆಕ್ಸ್) ಬಳಸದೆ ಪ್ರತಿ ಸಾಲನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತಿದೆ.

ಮೂರನೆಯದು ಫಲಿತಾಂಶ ಕೂಡಲೇ ಬಂದರೂ ಸದ್ದು ಕೇಳಿಸಲು ತಡವಾಗುವುದು. ಮೊದಲ ಕಡತಕ್ಕೆ ಮಾತ್ರ ಐದಾರು ಸೆಕೆಂಡ್ ಹಿಡಿದು ಉಳಿದವು ತಟ್ಟನೆ ಕೇಳಿಸಿದರೆ ಹೊರಗಿನ ಡಿಸ್ಕ್ ನಿದ್ದೆಗೆ ಜಾರಿತ್ತು ಎಂದರ್ಥ. ಪವರ್ ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು. ಉದ್ದನೆಯ ಕಡತಗಳಿಗೆ ಮಾತ್ರ ತಡವಾದರೆ ಅಲೆಚಿತ್ರ (ವೇವ್‌ಫಾರ್ಮ್) ಬಿಡಿಸಲು ಇಡೀ ಕಡತವನ್ನು ಓದಲಾಗುತ್ತಿದೆ. ನಾಲ್ಕನೆಯದು ಪಟ್ಟಿಯನ್ನು ಮೇಲೆ ಕೆಳಗೆ ಸರಿಸುವಾಗಿನ ತೊಡರು. ಪಟ್ಟಿಯಲ್ಲಿ ಕಿರು ಅಲೆಚಿತ್ರ ತೋರಿಸುವ ಅಂಕಣವನ್ನು ಮುಚ್ಚಿದ ತಕ್ಷಣ ಇದು ಸಾಮಾನ್ಯವಾಗಿ ಹೋಗುತ್ತದೆ.

ನೀವು ದಿನವೂ ಹುಡುಕುವ ಹತ್ತು ಪದಗಳನ್ನು ಆರಿಸಿ, ಪ್ರತಿಯೊಂದಕ್ಕೂ ಹಿಡಿದ ಸಮಯವನ್ನು ಈಗಲೇ ಬರೆದಿಡಿ. ಇದಿಲ್ಲದಿದ್ದರೆ ಮುಂದಿನ ಯಾವ ಬದಲಾವಣೆಯಿಂದ ಲಾಭವಾಯಿತು ಎಂಬುದು ಊಹೆಯ ಮಾತಾಗಿಯೇ ಉಳಿಯುತ್ತದೆ.

ಹಂತ 2: ಡಿಸ್ಕನ್ನು ಅಳೆದು, ಯಾವುದು ಎಲ್ಲಿರಬೇಕೆಂದು ನಿರ್ಧರಿಸುವುದು

ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಬೇಕಾದ ಜಾಗ ತಲೆಯಡಿಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.2 ಮಿಲಿಸೆಕೆಂಡ್ ಬೇಕು. ತಲೆ ಸರಿಯಲು ಇನ್ನೂ ಎಂಟು ಮಿಲಿಸೆಕೆಂಡ್ ಸೇರಿಸಿದರೆ ಒಂದು ನೆಗೆತಕ್ಕೆ ಸುಮಾರು 12 ಮಿಲಿಸೆಕೆಂಡ್. ಎರಡು ಲಕ್ಷ ಕಡತಗಳಿಗೆ ಒಂದೊಂದೇ ನೆಗೆತ ಎಂದರೂ 40 ನಿಮಿಷ. ವಾಸ್ತವದಲ್ಲಿ ಫೋಲ್ಡರಿನ ನಮೂದಿಗೆ ಒಂದು, ಕಡತದ ತಲೆಭಾಗಕ್ಕೆ ಒಂದು, ಕಡತದ ಬಾಲದಲ್ಲಿ ವಿವರಗಳಿದ್ದರೆ ಅಲ್ಲಿಗೆ ಇನ್ನೊಂದು ಎಂದು ಮೂರು ನೆಗೆತ ಬೀಳುವುದರಿಂದ ಎರಡು ಗಂಟೆ ಆಗುತ್ತದೆ. ಎಸ್‌ಎಸ್‌ಡಿಯಲ್ಲಿ ಒಂದು ನೆಗೆತಕ್ಕೆ 0.1 ಮಿಲಿಸೆಕೆಂಡ್ ಎಂದು ಹಿಡಿದರೆ ಅದೇ ಕೆಲಸಕ್ಕೆ ಡಿಸ್ಕ್ ತೆಗೆದುಕೊಳ್ಳುವ ಕಾಲ ಒಂದು ನಿಮಿಷ. ತಂತ್ರಾಂಶದ ಹೊಸ ಆವೃತ್ತಿಯಿಂದ ಇಷ್ಟು ಅಂತರ ಎಂದೂ ಸಿಗುವುದಿಲ್ಲ.

ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಓಡಿಸಿದಾಗ ಎಲ್ಲರ ಕಣ್ಣು ಹೋಗುವುದು ಮೇಲಿನ ಸಾಲಿನ ದೊಡ್ಡ ಅಂಕಿಗೆ. ನೀವು ನೋಡಬೇಕಾದ್ದು ಕೊನೆಯ ಸಾಲನ್ನು, ಅಂದರೆ ಒಮ್ಮೆಗೆ ಒಂದರಂತೆ 4 ಕೆಬಿ ತುಣುಕುಗಳನ್ನು ಅಲ್ಲಲ್ಲಿಂದ ಓದುವ ವೇಗವನ್ನು. ಹಾರ್ಡ್ ಡಿಸ್ಕಿನಲ್ಲಿ ಇದು ಸೆಕೆಂಡಿಗೆ 1 ಎಂಬಿಯ ಆಸುಪಾಸಿನಲ್ಲಿ ತೆವಳುತ್ತದೆ, ಎಸ್‌ಎಸ್‌ಡಿಯಲ್ಲಿ ಹತ್ತಾರು ಎಂಬಿ ಇರುತ್ತದೆ. ಹಾಗೆಯೇ ಮೇಲಿನ ಸಾಲಿನ ಅಂಕಿ 35 ರಿಂದ 40 ಎಂಬಿಯಲ್ಲೇ ನಿಂತಿದ್ದರೆ ಯುಎಸ್‌ಬಿ 3 ಡಿಸ್ಕನ್ನು ಹಳೆಯ ಯುಎಸ್‌ಬಿ 2 ತೂತಿಗೋ ಅಗ್ಗದ ಹಬ್ಬಿಗೋ ಸಿಕ್ಕಿಸಿದ್ದೀರಿ ಎಂದು ತಿಳಿಯಬೇಕು. 1 ಟಿಬಿಯನ್ನು ಪೂರ್ತಿ ಓದಲು ಆ ವೇಗದಲ್ಲಿ ಸುಮಾರು ಎಂಟು ಗಂಟೆ ಬೇಕು. ಸೆಕೆಂಡಿಗೆ 150 ಎಂಬಿ ಇದ್ದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ.

ಇಡೀ ಲೈಬ್ರರಿಗೆ ದೊಡ್ಡ ಎಸ್‌ಎಸ್‌ಡಿ ಕೊಳ್ಳಬೇಕಾಗಿಲ್ಲ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೊ ವೇವ್ ನಿಮಿಷಕ್ಕೆ ಸುಮಾರು 17 ಎಂಬಿ, ಗಂಟೆಗೆ 1 ಜಿಬಿಯಷ್ಟು ಜಾಗ ತಿನ್ನುತ್ತದೆ. ಲೈಬ್ರರಿಯ ಗಾತ್ರವನ್ನು ಹಿಗ್ಗಿಸುವುದು ಮಳೆ, ಸಂತೆ, ರೈಲು ನಿಲ್ದಾಣದಂಥ ಉದ್ದದ ಧ್ವನಿಮುದ್ರಣಗಳು; ನೆಗೆತಗಳ ಸಂಖ್ಯೆಯನ್ನು ಹಿಗ್ಗಿಸುವುದು ಡ್ರಮ್ಮಿನ ಒಂದೇ ಏಟಿನಂಥ ಪುಟ್ಟ ಬಿಡಿ ಹೊಡೆತಗಳು. ಅರ್ಧ ಎಂಬಿಯ ಒಂದು ಲಕ್ಷ ಹೊಡೆತಗಳಿದ್ದರೂ ಒಟ್ಟು 50 ಜಿಬಿ. ಆದ್ದರಿಂದ ಪುಟ್ಟವು ಎಸ್‌ಎಸ್‌ಡಿಯಲ್ಲಿ, ಉದ್ದನೆಯವು ಹಾರ್ಡ್ ಡಿಸ್ಕಿನಲ್ಲಿ ಅಥವಾ ನೆಟ್‌ವರ್ಕ್ ಡಿಸ್ಕಿನಲ್ಲಿ ಇದ್ದರೆ ಕಡಿಮೆ ಖರ್ಚಿನಲ್ಲಿ ಹೆಚ್ಚಿನ ವೇಗ ಸಿಗುತ್ತದೆ.

ಡೇಟಾಬೇಸ್ ಮತ್ತು ಅಲೆಚಿತ್ರಗಳ ಸಂಗ್ರಹ ಮಾತ್ರ ಯಾವಾಗಲೂ ಒಳಗಿನ ಎಸ್‌ಎಸ್‌ಡಿಯಲ್ಲೇ ಇರಬೇಕು. ಇಬ್ಬರು ಹಂಚಿಕೊಳ್ಳಲು ಸುಲಭವಾಗಲಿ ಎಂದು ಡೇಟಾಬೇಸನ್ನು ನೆಟ್‌ವರ್ಕ್ ಡಿಸ್ಕಿಗೋ ಮೋಡದ ಫೋಲ್ಡರಿಗೋ ಹಾಕುವುದು ಪದೇ ಪದೇ ಕಾಣುವ ತಪ್ಪು. ಒಂದೇ ಕಡತದಲ್ಲಿ ಕೂರುವ ಎಸ್‌ಕ್ಯೂಲೈಟ್ ಮಾದರಿಯ ಡೇಟಾಬೇಸಿಗೆ ಬರವಣಿಗೆಯ ಹೊತ್ತಿನಲ್ಲಿ ಬೀಗ ಹಾಕುವ ವ್ಯವಸ್ಥೆ ಇರುತ್ತದೆ. ನೆಟ್‌ವರ್ಕ್ ಡಿಸ್ಕುಗಳಲ್ಲಿ ಆ ಬೀಗವನ್ನು ನಂಬುವಂತಿಲ್ಲ, ಅದರ ವೇಗದ ಬರವಣಿಗೆಯ ವಿಧಾನ ಅಲ್ಲಿ ಕೆಲಸವನ್ನೇ ಮಾಡುವುದಿಲ್ಲ. ‘ಡೇಟಾಬೇಸ್ ಲಾಕ್ ಆಗಿದೆ’ ಎಂಬ ಸಂದೇಶ ಒಮ್ಮೆ ಬಂದರೂ ಅದನ್ನು ಎಚ್ಚರಿಕೆ ಎಂದೇ ತಿಳಿಯಿರಿ. ಹಂಚಿಕೊಳ್ಳಲೇಬೇಕಾದರೆ ಅದಕ್ಕೆಂದೇ ಸರ್ವರ್ ಡೇಟಾಬೇಸ್ ಇರುವ ತಂತ್ರಾಂಶ ಆರಿಸಬೇಕು.

ಡಿಸ್ಕನ್ನು ಯಾವ ಬಗೆಯಲ್ಲಿ ಫಾರ್ಮ್ಯಾಟ್ ಮಾಡಲಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿ ದೊಡ್ಡ ಡಿಸ್ಕಿಗೆ ವಿಂಡೋಸ್ ತಾನಾಗಿ ಆರಿಸುವ ಕನಿಷ್ಠ ಹಂಚಿಕೆ 128 ಕೆಬಿ ಇರುವುದರಿಂದ 40 ಕೆಬಿಯ ಒಂದು ಹೈ-ಹ್ಯಾಟ್ ಸದ್ದು ಕೂಡ 128 ಕೆಬಿ ಆಕ್ರಮಿಸುತ್ತದೆ. ಅಂಥ ಒಂದು ಲಕ್ಷ ಕಡತಗಳ 4 ಜಿಬಿ ಸದ್ದಿಗೆ 13 ಜಿಬಿಯಷ್ಟು ಜಾಗ ಹೋಗುತ್ತದೆ. ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಒಂದೇ ಡಿಸ್ಕ್ ಬಳಸುವ ಅಗತ್ಯ ಇಲ್ಲದವರು ವಿಂಡೋಸ್‌ನ ಎನ್‌ಟಿಎಫ್‌ಎಸ್ ಅಥವಾ ಮ್ಯಾಕ್‌ನ ಎಪಿಎಫ್‌ಎಸ್ ಬಳಸುವುದು ಮೇಲು.

ಆ್ಯಂಟಿವೈರಸ್‌ನ ಸತತ ಪರೀಕ್ಷೆಯಿಂದ ಸ್ಯಾಂಪಲ್ ಫೋಲ್ಡರನ್ನು ಹೊರಗಿಡಬಹುದು. ಆದರೆ ಇಳಿಸಿಕೊಂಡ ಸ್ಯಾಂಪಲ್ ಪ್ಯಾಕ್‌ಗಳನ್ನು (ಒಟ್ಟಾಗಿ ಮಾರುವ ಸ್ಯಾಂಪಲ್ ಕಂತೆಗಳನ್ನು) ಬೇರೆ ಫೋಲ್ಡರಿನಲ್ಲಿ ಬಿಚ್ಚಿ, ಅಲ್ಲಿಯೇ ಪರೀಕ್ಷೆ ಮುಗಿಸಿದ ಮೇಲಷ್ಟೇ ಒಳಗೆ ತರಬೇಕು.

ಹಂತ 3: ಪ್ರತಿ ತೆಗೆಯುವುದು

ಮುಂದಿನ ನಾಲ್ಕು ಹಂತಗಳಲ್ಲಿ ಕಡತಗಳು ಅಳಿಯುತ್ತವೆ, ಹೆಸರು ಬದಲಾಗುತ್ತವೆ, ಒಳಗಿನ ವಿವರ ತಿದ್ದಲ್ಪಡುತ್ತದೆ. ಇಡೀ ಲೈಬ್ರರಿಯ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು, ಆ ಡಿಸ್ಕಿನ ತಂತಿಯನ್ನು ಕಳಚಿ ಪಕ್ಕಕ್ಕಿಡಿ.

ಹಂತ 4: ಒಳಗೆ ಬರಬಾರದ್ದನ್ನು ಹೊರಗಿಡುವುದು

ಕಾಂಟಾಕ್ಟ್‌ನಂಥ ಸ್ಯಾಂಪ್ಲರ್ (ಸ್ಯಾಂಪಲ್‌ಗಳಿಂದ ವಾದ್ಯ ನುಡಿಸುವ ತಂತ್ರಾಂಶ) ವಾದ್ಯಗಳ ಫೋಲ್ಡರುಗಳನ್ನು ಮೊದಲು ಬೇರ್ಪಡಿಸಬೇಕು. ಒಂದು ಪಿಯಾನೋದ ಪ್ರತಿ ಸ್ವರಕ್ಕೆ, ಪ್ರತಿ ಒತ್ತಡಕ್ಕೆ ಬೇರೆ ಬೇರೆ ಕಡತ ಇರುವುದರಿಂದ ಒಂದೇ ವಾದ್ಯದಿಂದ ಸಾವಿರಾರು ಕಡತಗಳು ಹುಡುಕಾಟಕ್ಕೆ ನುಗ್ಗುತ್ತವೆ. ಇವುಗಳ ಹೆಸರನ್ನಾಗಲಿ ಜಾಗವನ್ನಾಗಲಿ ಬದಲಿಸಿದರೆ ವಾದ್ಯವೇ ತೆರೆಯದಂತಾಗುತ್ತದೆ. ಇದೇ ಮಾತು ಹಳೆಯ ಪ್ರಾಜೆಕ್ಟ್ ಫೋಲ್ಡರುಗಳಿಗೂ ಅನ್ವಯಿಸುತ್ತದೆ.

ಮ್ಯಾಕ್ ಮತ್ತು ವಿಂಡೋಸ್ ನಡುವೆ ಓಡಾಡಿದ ಡಿಸ್ಕಿನಲ್ಲಿ ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ ಹೆಸರಿನ ಮರಿ ಕಡತಗಳು ತುಂಬಿರುತ್ತವೆ. ‘ಕಿಕ್01’ ಪಕ್ಕದಲ್ಲಿ ‘._ಕಿಕ್01’ ಎಂಬುದು ಹೆಸರಿನ ಕೊನೆಯಲ್ಲಿ ಅದೇ ‘.wav’ನೊಂದಿಗೆ ಕೂತಿರುತ್ತದೆ. ಸಾಮಾನ್ಯವಾಗಿ 4 ಕೆಬಿ ಇರುವ ಇದರಲ್ಲಿ ಸದ್ದೇ ಇರುವುದಿಲ್ಲ. ಮ್ಯಾಕ್ ತನ್ನ ಹೆಚ್ಚುವರಿ ವಿವರಗಳನ್ನು ಅಲ್ಲಿ ಬಚ್ಚಿಟ್ಟಿರುತ್ತದೆ, ಅಷ್ಟೆ. ಸ್ಕ್ಯಾನ್ ಇದನ್ನೂ ಸದ್ದೆಂದು ತಿಳಿದು ತೆರೆಯಲು ಹೋಗಿ ಸೋಲುತ್ತದೆ. ಲೈಬ್ರರಿಯ ಕಡತಗಳ ಸಂಖ್ಯೆ ನಿಮ್ಮ ಅಂದಾಜಿನ ಸರಿಯಾಗಿ ಎರಡು ಪಟ್ಟು ಬಂದರೆ ಕಾರಣ ಬಹುತೇಕ ಇದೇ. ವಿಂಡೋಸ್‌ನಲ್ಲಿ ಆ ಎರಡು ಚಿಹ್ನೆಗಳಿಂದ ಶುರುವಾಗುವ ಹೆಸರುಗಳನ್ನು ಹುಡುಕಿ, ಗಾತ್ರ ನೋಡಿ ಖಚಿತಪಡಿಸಿಕೊಂಡು ಅಳಿಸಬಹುದು.

ಇನ್ನೊಂದು ಅಡ್ಡಿ ದಾರಿಯ ಉದ್ದ. ವಿಂಡೋಸ್‌ನಲ್ಲಿ ಫೋಲ್ಡರುಗಳ ಹೆಸರೂ ಸೇರಿದಂತೆ ಪೂರ್ತಿ ದಾರಿ 260 ಅಕ್ಷರ ಮೀರಿದರೆ ಅನೇಕ ತಂತ್ರಾಂಶಗಳಿಗೆ ಆ ಕಡತ ಕಾಣುವುದೇ ಇಲ್ಲ. ಪ್ಯಾಕ್ ಮಾರುವವರು ಕಂಪನಿಯ ಹೆಸರು, ಪ್ಯಾಕಿನ ಹೆಸರು, ಮತ್ತೆ ಪ್ಯಾಕಿನ ಹೆಸರು ಎಂದು ಫೋಲ್ಡರಿನೊಳಗೆ ಫೋಲ್ಡರು ಹೆಣೆದಿರುತ್ತಾರೆ. ಜಿಪ್ ಬಿಚ್ಚುವಾಗ ಇನ್ನೊಂದು ಪದರ ಸೇರುತ್ತದೆ. ಲೈಬ್ರರಿಯನ್ನು ಡಿಸ್ಕಿನ ಬುಡದಲ್ಲಿಯೇ ಚಿಕ್ಕ ಹೆಸರಿನ ಫೋಲ್ಡರಿನಲ್ಲಿಟ್ಟು, ಒಳಗಿನ ನಿರರ್ಥಕ ಪದರಗಳನ್ನು ತೆಗೆದುಹಾಕಿ.

ಹಂತ 5: ಒಂದೇ ಸದ್ದಿನ ಹಲವು ಪ್ರತಿಗಳನ್ನು ಕಳೆಯುವುದು

ಈ ಹಂತ ಇಲ್ಲಿಯೇ ಬರಬೇಕು, ಮುಂದೆ ಹೋಗಬಾರದು. ಪ್ರತಿಗಳನ್ನು ಪತ್ತೆಹಚ್ಚುವ ತಂತ್ರಾಂಶಗಳು ಕಡತದ ಎಲ್ಲ ಬೈಟುಗಳಿಂದ ಒಂದು ಗುರುತು ಲೆಕ್ಕಹಾಕಿ ಹೋಲಿಸುತ್ತವೆ. ಒಂದು ಪ್ರತಿಯೊಳಗೆ ನೀವು ‘ಮರದ ಬಾಗಿಲು’ ಎಂದು ವಿವರ ಬರೆದು ಇನ್ನೊಂದನ್ನು ಹಾಗೆಯೇ ಬಿಟ್ಟರೆ, ಸದ್ದು ಒಂದೇ ಆಗಿದ್ದರೂ ಗುರುತು ಬೇರೆಯಾಗುತ್ತದೆ, ಮತ್ತು ಆ ಜೋಡಿ ಮುಂದೆಂದೂ ಸಿಕ್ಕಿಬೀಳುವುದಿಲ್ಲ. ಇಂಥ ವಿವರ (ಮೆಟಾಡೇಟಾ) ಬರೆದ ಮೇಲೆ ಪ್ರತಿ ಹುಡುಕಿದವರಿಗೆ ‘ನನ್ನಲ್ಲಿ ಪ್ರತಿಗಳೇ ಇಲ್ಲ’ ಎಂಬ ಸುಳ್ಳು ಸಮಾಧಾನ ಸಿಗುವುದು ಹೀಗೆ.

ಹೆಸರು ಮತ್ತು ಗಾತ್ರ ನೋಡಿ ಅಳಿಸುವ ಆಯ್ಕೆಯನ್ನು ಮುಟ್ಟಬೇಡಿ. ಹತ್ತು ಪ್ಯಾಕುಗಳಲ್ಲಿ ‘ಸ್ನೇರ್ 01’ ಇರುತ್ತದೆ, ಒಂದೇ ಉದ್ದದ ಲೂಪುಗಳ (ಮತ್ತೆ ಮತ್ತೆ ಸುತ್ತಿಸಿ ನುಡಿಸುವ ತುಣುಕುಗಳ) ಗಾತ್ರವೂ ಒಂದೇ ಇರುತ್ತದೆ; ಸದ್ದು ಮಾತ್ರ ಬೇರೆ. ಬೈಟು ಬೈಟು ಹೋಲುವವನ್ನಷ್ಟೇ ಆರಿಸಿ, ಅವನ್ನೂ ನೇರ ಅಳಿಸದೆ ಬೇರೆ ಫೋಲ್ಡರಿಗೆ ಸರಿಸಿ. ಎರಡು ಪ್ರಾಜೆಕ್ಟುಗಳು ತಕರಾರಿಲ್ಲದೆ ತೆರೆದ ಮೇಲೆ ಅಳಿಸಿದರಾಯಿತು.

ಹಂತ 6: ಹೆಸರುಗಳಿಗೆ ಒಂದು ಶಿಸ್ತು ತರುವುದು

ಧ್ವನಿ ಪರಿಣಾಮಗಳಿಗೆ ಹೊಸ ಪದ್ಧತಿ ಹುಟ್ಟುಹಾಕುವ ಬದಲು 2020ರಲ್ಲಿ ಬಂದ ಯುನಿವರ್ಸಲ್ ಕ್ಯಾಟಗರಿ ಸಿಸ್ಟಮ್ ಅನ್ನು ಹಿಡಿಯುವುದು ಒಳ್ಳೆಯದು. ಅದರಲ್ಲಿ ಕಡತದ ಹೆಸರು ವರ್ಗಸೂಚಕದಿಂದ ಶುರುವಾಗಿ, ಸದ್ದಿನ ಹೆಸರು, ಮಾಡಿದವರ ಗುರುತು, ಮೂಲದ ಗುರುತು ಎಂಬ ನಾಲ್ಕು ಭಾಗಗಳಲ್ಲಿ ಅಡಿಗೆರೆಯಿಂದ ಬೇರ್ಪಟ್ಟಿರುತ್ತದೆ. ಸೌಂಡ್‌ಮೈನರ್, ಬೇಸ್‌ಹೆಡ್, ಸೌಂಡ್ಲಿ ಮೂರೂ ಇದನ್ನು ಅರ್ಥಮಾಡಿಕೊಳ್ಳುವುದರಿಂದ, ಮರದ ಬಾಗಿಲಿನ ವರ್ಗಸೂಚಕ ಹೆಸರಿನಲ್ಲಿದ್ದರೆ ವರ್ಗದ ಅಂಕಣಗಳು ತಾವಾಗಿ ತುಂಬುತ್ತವೆ. ಸಂಗೀತದ ಲೂಪುಗಳಿಗೆ ಇದು ಹೊಂದುವುದಿಲ್ಲ. ಅಲ್ಲಿ ವಾದ್ಯ, ವೇಗ (ನಿಮಿಷಕ್ಕೆ ಎಷ್ಟು ಬಡಿತ), ಶ್ರುತಿ ಹೆಸರಿನಲ್ಲಿದ್ದರೆ ಸಾಕು.

ಫ್ರೀಸೌಂಡ್ ತಾಣದಿಂದ ಇಳಿಸಿದ ಕಡತಗಳ ಹೆಸರಿನ ಮೊದಲಿಗೆ ಒಂದು ಸಂಖ್ಯೆ, ನಂತರ ಅಪ್‌ಲೋಡ್ ಮಾಡಿದವರ ಹೆಸರು ಇರುತ್ತದೆ. ಅಂದಗಾಣಿಸಲು ಹೋಗಿ ಇವೆರಡನ್ನೂ ಅಳಿಸಿದರೆ ಪರವಾನಗಿ ಯಾವುದಿತ್ತು, ಯಾರಿಗೆ ಮನ್ನಣೆ ಸಲ್ಲಿಸಬೇಕು ಎಂಬುದು ಮತ್ತೆ ತಿಳಿಯುವುದಿಲ್ಲ. ಅಲ್ಲಿನ ಕೆಲವು ಸದ್ದುಗಳನ್ನು ವಾಣಿಜ್ಯ ಕೆಲಸಕ್ಕೆ ಬಳಸುವಂತಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು.

ಈಗ ಕನ್ನಡದಲ್ಲಿ ಹೆಸರಿಡುವವರಿಗೆ ಮಾತ್ರ ಎದುರಾಗುವ ಒಂದು ತೊಡಕು. ‘ಡೊಳ್ಳು’ ಎಂಬ ಹೆಸರಿನ ಕಡತ ಕಣ್ಣೆದುರೇ ಇದ್ದರೂ ‘ಡೊಳ್ಳು’ ಎಂದು ಹುಡುಕಿದರೆ ಸಿಗದೇ ಹೋಗಬಹುದು. ಅದೇ ಫೋಲ್ಡರಿನ ‘ತಮಟೆ’ ತಪ್ಪದೆ ಸಿಗುತ್ತದೆ. ಒ-ಕಾರದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಕಾರ ಮತ್ತು ಊ-ಕಾರಗಳ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು, ಮತ್ತು ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಹೆಸರನ್ನು ಬಿಡಿಸಿ ಜೋಡಿಯಾಗಿ ಉಳಿಸುತ್ತಿದ್ದವು. ನಿಮ್ಮ ಕೀಲಿಮಣೆ ಒಂದೇ ಸಂಕೇತ ಕಳಿಸುತ್ತದೆ. ಎರಡನ್ನೂ ಒಂದು ರೂಪಕ್ಕೆ ತಂದು ಹೋಲಿಸದ ತಂತ್ರಾಂಶಕ್ಕೆ ಅವು ಬೇರೆ ಬೇರೆ ಪದಗಳು. ‘ವೀಣೆ’ಯ ದೀರ್ಘಕ್ಕೂ ‘ಡೋಲು’ವಿನ ಓ-ಕಾರಕ್ಕೂ ಇದೇ ಪಾಡು. ತಮಟೆಯಲ್ಲಿ ಇಂಥ ಜೋಡಿ ಚಿಹ್ನೆ ಇಲ್ಲದ್ದರಿಂದ ಅದು ಪಾರಾಗುತ್ತದೆ. ಕನ್ವ್‌ಎಂವಿ ಎಂಬ ಉಚಿತ ಸಲಕರಣೆಯಿಂದ ಎಲ್ಲ ಹೆಸರುಗಳನ್ನು ಕೂಡಿದ ರೂಪಕ್ಕೆ ತರಬಹುದು.

ಇದರ ಜೊತೆಗೆ ಕೆಲವು ಪದಸೂಚಿಗಳು ಕನ್ನಡದ ಸ್ವರಚಿಹ್ನೆಗಳನ್ನು ಅಕ್ಷರವೆಂದು ಎಣಿಸದೆ ಪದಗಳ ನಡುವಿನ ಗಡಿಯೆಂದು ಎಣಿಸಿ, ಪದವನ್ನು ಬರಿಯ ವ್ಯಂಜನಗಳಾಗಿ ಒಡೆಯುತ್ತವೆ. ‘ಕಾಲು’ ಎಂದು ಹುಡುಕಿದಾಗ ‘ಕೀಲು’ ಕೂಡ ಬಂದರೆ ನಿಮ್ಮ ತಂತ್ರಾಂಶ ಅಂಥದ್ದು. ಈ ಎರಡು ಪರೀಕ್ಷೆಗಳಲ್ಲಿ ಯಾವುದರಲ್ಲಿ ಅನುತ್ತೀರ್ಣವಾದರೂ ಕಡತದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಟ್ಟು, ಕನ್ನಡವನ್ನು ಕಡತದೊಳಗಿನ ವಿವರಕ್ಕೆ ಸೀಮಿತಗೊಳಿಸುವುದು ವಾಸಿ. ಆಗ ಕಾಗುಣಿತದ ಪಟ್ಟಿಯೊಂದು ಬೇಕೇ ಬೇಕು: ಒಬ್ಬರು ಮ್ರಿದಂಗಮ್ ಎಂದೂ ಇನ್ನೊಬ್ಬರು ಮ್ರುದಂಗ ಎಂದೂ ಬರೆದರೆ ಅರ್ಧ ಲೈಬ್ರರಿ ಕಣ್ಮರೆಯಾಗುತ್ತದೆ. ಒಂದನ್ನು ಹೆಸರಿಗೆ ಗೊತ್ತುಮಾಡಿ, ಉಳಿದವನ್ನು ಕೀಲಿಪದಗಳಾಗಿ ಸೇರಿಸಿ. ಆದರೆ ಯಕ್ಷಗಾನದ ಚಂಡೆಯನ್ನು ಕೇರಳದ ಚೆಂಡದೊಂದಿಗೆ ಕಾಗುಣಿತ ಹತ್ತಿರವಿದೆಯೆಂದು ಕಲಸಬೇಡಿ; ಅವು ಬೇರೆ ವಾದ್ಯಗಳು, ಬೇರೆ ನಾದ.

ಹಂತ 7: ಕಡತದೊಳಗೆ ವಿವರ ಬರೆಯುವುದು

ವಿವರಗಳು ಡೇಟಾಬೇಸಿನಲ್ಲಷ್ಟೇ ಇದ್ದರೆ ಡೇಟಾಬೇಸ್ ಕೆಟ್ಟ ದಿನ ಎಲ್ಲವೂ ಹೋಗುತ್ತದೆ. ಆದ್ದರಿಂದ ಕಡತದೊಳಗೂ ಬರೆಯಬೇಕು, ಆದರೆ ದಿನಕ್ಕೊಂದಿಷ್ಟು ಬರೆಯಬಾರದು. ಸದ್ದಿನ ಭಾಗಕ್ಕಿಂತ ಮೊದಲು ಖಾಲಿ ಜಾಗ ಕಾದಿರಿಸದ ವೇವ್ ಕಡತದ ಮುಂಭಾಗಕ್ಕೆ ವಿವರ ಸೇರಿಸಬೇಕಾದರೆ ಇಡೀ ಕಡತವನ್ನು ಮತ್ತೆ ಬರೆಯಬೇಕಾಗುತ್ತದೆ. ಒಂದು ಸಾಲಿಗಾಗಿ ಗಂಟೆಯುದ್ದದ ಮಳೆಯ 1 ಜಿಬಿ ಪುನಃ ಬರೆಯಲ್ಪಡುತ್ತದೆ. ಪದರದ ಮೇಲೆ ಪದರ ಹೊಂದಿಸಿ ಬರೆಯುವ ಎಸ್‌ಎಂಆರ್ ಬಗೆಯ ಹೊರಗಿನ ಹಾರ್ಡ್ ಡಿಸ್ಕುಗಳಲ್ಲಿ ಈ ಕೆಲಸ ನಡುವೆ ಆಮೆ ವೇಗಕ್ಕೆ ಇಳಿಯುತ್ತದೆ. ಬರೆಯುವ ಮಧ್ಯೆ ಕರೆಂಟ್ ಹೋದರೆ ಆ ಕಡತ ಉಳಿಯುವ ಭರವಸೆ ಇಲ್ಲ, ಆದ್ದರಿಂದ ಯುಪಿಎಸ್ ಅಥವಾ ಬ್ಯಾಟರಿ ಇರುವ ಲ್ಯಾಪ್‌ಟಾಪ್‌ನಲ್ಲೇ ಮಾಡಿ. ಜೊತೆಗೆ, ಬದಲಾದ ದಿನಾಂಕ ನೋಡಿ ಬ್ಯಾಕಪ್ ತಂತ್ರಾಂಶವೂ ಲೈಬ್ರರಿ ತಂತ್ರಾಂಶವೂ ಆ ಕಡತಗಳನ್ನೆಲ್ಲ ಹೊಸವೆಂದು ಎಣಿಸುತ್ತವೆ. ಇದು ಸ್ಕ್ಯಾನ್‌ಗೆ ಮೊದಲು, ಒಂದೇ ಕಂತಿನಲ್ಲಿ ಮುಗಿಯಬೇಕೆನ್ನುವುದು ಈ ಕಾರಣಕ್ಕೆ.

ಬ್ರಾಡ್‌ಕಾಸ್ಟ್ ವೇವ್‌ನ (ವಿವರ ಹೊತ್ತ ವೇವ್ ರೂಪ) ವಿವರದ ಅಂಕಣಕ್ಕೆ 256 ಅಕ್ಷರಗಳ ಮಿತಿ ಇದೆ, ಮತ್ತು ಅದು ಇಂಗ್ಲಿಷ್ ಅಕ್ಷರಗಳಿಗೆಂದೇ ರೂಪಿಸಿದ್ದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕಾದ್ದರಿಂದ ‘ಡೊಳ್ಳು’ ಎಂಬ ಒಂದೇ ಪದ 18 ಬೈಟು ತಿನ್ನುತ್ತದೆ. ನಾಲ್ಕು ಪದಗಳ ವಾಕ್ಯ ಬರೆಯುವಷ್ಟರಲ್ಲಿ ಕಾಲು ಭಾಗದಷ್ಟು ಅಂಕಣ ಮುಗಿದಿರುತ್ತದೆ, ಕೊನೆಗೆ ಅಕ್ಷರದ ನಡುವೆಯೇ ಕತ್ತರಿ ಬಿದ್ದು ಚೌಕಗಳು ಕಾಣಿಸುತ್ತವೆ. ಕನ್ನಡ ವಿವರವನ್ನು ಅದೇ ಕಡತದೊಳಗೆ ವಿವರಕ್ಕೆಂದು ಇರುವ ಇನ್ನೊಂದು ಭಾಗವಾದ ಐಎಕ್ಸ್‌ಎಂಎಲ್‌ನಲ್ಲಿ ಬರೆಯಿರಿ. ಮೊದಲು ಐದು ಕಡತಗಳಲ್ಲಿ ಬರೆದು, ಬೇರೊಂದು ತಂತ್ರಾಂಶದಲ್ಲಿ ತೆರೆದು ಓದಿ ನೋಡಿದ ಮೇಲೆ ಉಳಿದವಕ್ಕೆ ಕೈ ಹಾಕಬೇಕು.

ಹಂತ 8: ಸ್ಕ್ಯಾನ್, ಕಂತು ಕಂತಾಗಿ

ಎರಡು ಸಾವಿರ ಕಡತಗಳ ಒಂದು ಫೋಲ್ಡರಿನಿಂದ ಶುರುಮಾಡಿ. ವಿಶ್ಲೇಷಣೆ, ಅಲೆಚಿತ್ರ, ವೇಗ-ಶ್ರುತಿ ಪತ್ತೆ ಮುಂತಾದ ಎಲ್ಲ ಆಯ್ಕೆಗಳನ್ನು ಮುಚ್ಚಿ, ಹೆಸರು ಮತ್ತು ವಿವರಗಳನ್ನಷ್ಟೇ ಓದಿಸಿ. ಸಂಖ್ಯೆ ಸರಿಹೊಂದಿದರೆ ಮುಂದಿನ ಫೋಲ್ಡರು. ಹೀಗೆ ಮಾಡಿದಾಗ ಎಲ್ಲಿಯಾದರೂ ತಂತ್ರಾಂಶ ಕುಸಿದರೆ ತಪ್ಪಿತಸ್ಥ ಕಡತ ಯಾವ ಫೋಲ್ಡರಿನಲ್ಲಿದೆ ಎಂಬುದು ತಿಳಿದಿರುತ್ತದೆ.

ಕುಸಿತಕ್ಕೆ ಕಾರಣ ಸಾಮಾನ್ಯವಾಗಿ ಸೊನ್ನೆ ಬೈಟಿನ ಕಡತ, ಅರ್ಧ ಇಳಿದ ಕಡತ ಅಥವಾ 4 ಜಿಬಿ ಮೀರಿದ ವೇವ್. ಹಳೆಯ ವೇವ್ ರೂಪದಲ್ಲಿ ಗಾತ್ರ ಬರೆಯುವ ಅಂಕಣ 32 ಬಿಟ್ ಇರುವುದರಿಂದ 4 ಜಿಬಿ ದಾಟಿದರೆ ತಲೆಭಾಗ ಸುಳ್ಳು ಹೇಳುತ್ತದೆ. ಅಂಥವನ್ನು ದೊಡ್ಡ ಕಡತಗಳಿಗೆಂದೇ ಇರುವ ಆರ್‌ಎಫ್64 ರೂಪಕ್ಕೆ ಬದಲಿಸಬೇಕು, ಇಲ್ಲವೇ ತುಂಡು ಮಾಡಬೇಕು. ಅನುಮಾನ ಬಂದ ಕಡತವನ್ನು ಎಫ್‌ಎಫ್‌ಎಂಪೆಗ್‌ನಿಂದ ಪೂರ್ತಿ ಓದಿಸಿದರೆ ದೋಷ ಎಲ್ಲಿದೆ ಎಂದು ಅದು ಹೇಳುತ್ತದೆ. ಕುಸಿಯದೆ, ದೋಷ ತೋರಿಸದೆ ರಾತ್ರಿ ಸುಮ್ಮನೆ ನಿಂತುಹೋದ ಸ್ಕ್ಯಾನ್‌ನಲ್ಲಿ ಮಾತ್ರ ಕಡತದ ತಪ್ಪು ಹುಡುಕಬೇಡಿ. ಹೆಚ್ಚಿನ ಸಲ ಕಂಪ್ಯೂಟರ್ ನಿದ್ದೆಹೋಗಿರುತ್ತದೆ, ಅಷ್ಟೆ.

ಹಂತ 9: ಅಲೆಚಿತ್ರ ಮತ್ತು ಹೋಲಿಕೆಯ ವಿಶ್ಲೇಷಣೆ

ಅಲೆಚಿತ್ರಕ್ಕೆ ಇಡೀ ಕಡತ ಓದಬೇಕು, ಆದ್ದರಿಂದ ಇದು ಹಂತ 2ರ ಗಂಟೆಗಳ ಲೆಕ್ಕಕ್ಕೆ ಸೇರಿದ ಕೆಲಸ. ಸಂಗೀತ ತಂತ್ರಾಂಶ ಏಬಲ್ಟನ್ ಲೈವ್, ಸ್ಯಾಂಪಲ್ ಪಕ್ಕದಲ್ಲೇ ವಿಶ್ಲೇಷಣೆಯ ಕಡತ ಹುಟ್ಟಿಸುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸಬಹುದು. ರೀಪರ್‌ನಲ್ಲಿ ಅಲೆಚಿತ್ರಗಳನ್ನೆಲ್ಲ ಬೇರೊಂದು ಜಾಗದಲ್ಲಿ ಇಡುವ ಆಯ್ಕೆ ಇದೆ; ಅದನ್ನು ಎಸ್‌ಎಸ್‌ಡಿಗೆ ತೋರಿಸಿ.

‘ಇದರಂತೆಯೇ ಕೇಳಿಸುವ ಇನ್ನೊಂದು’ ಎಂಬ ಹುಡುಕಾಟದಲ್ಲಿ ಪ್ರತಿ ಸದ್ದನ್ನೂ ಒಂದಿಷ್ಟು ಅಂಕಿಗಳ ಸಾಲಾಗಿ ಬದಲಿಸಿ ಇಡಲಾಗುತ್ತದೆ. ಸದ್ದಿಗೆ 128 ಅಂಕಿ, ಅಂಕಿಗೆ 4 ಬೈಟು ಎಂದರೆ ಎರಡು ಲಕ್ಷ ಸದ್ದುಗಳಿಗೆ ಬರೀ 102 ಎಂಬಿ; ಅಷ್ಟನ್ನು ಹೋಲಿಸುವುದು ಪ್ರೊಸೆಸರ್‌ಗೆ ಲೆಕ್ಕಕ್ಕೇ ಇಲ್ಲ. ಭಾರವಾಗಿರುವುದು ಆ ಅಂಕಿಗಳನ್ನು ಮೊದಲ ಸಲ ಕಂಡುಹಿಡಿಯುವ ಕೆಲಸ. ಕಡತವೊಂದಕ್ಕೆ 0.2 ಸೆಕೆಂಡ್ ಎಂದರೂ ಒಟ್ಟು ಹನ್ನೊಂದು ಗಂಟೆಯ ದುಡಿಮೆ. ಅದನ್ನು ಬಿಡಿ ಹೊಡೆತಗಳಿಗೆ ಮಾತ್ರ ಮಾಡಿಸಿ. ಗಂಟೆಯುದ್ದದ ಸಂತೆಯ ಸದ್ದಿಗೆ ಒಂದೇ ಅಂಕಿಸಾಲು ಕೊಟ್ಟರೆ ಅದು ಏನನ್ನೂ ಹೋಲುವುದಿಲ್ಲ.

ವೇಗ ಮತ್ತು ಶ್ರುತಿಯ ಸ್ವಯಂಪತ್ತೆಯನ್ನು ನಮ್ಮ ಸಂಗೀತದ ಲೂಪುಗಳ ಮೇಲೆ ಕಣ್ಣುಮುಚ್ಚಿ ಓಡಿಸಬೇಡಿ. ನಿಮಿಷಕ್ಕೆ 120 ಬಡಿತದ ಮಿಶ್ರಚಾಪಿನ ಒಂದು ಆವರ್ತ, ಅಂದರೆ ಏಳು ಬಡಿತ, 3.5 ಸೆಕೆಂಡ್ ಇರುತ್ತದೆ. ಉದ್ದ ನೋಡಿ ಎಂಟು ಬಡಿತ ಎಂದು ಊಹಿಸುವ ತಂತ್ರಾಂಶ ಅದಕ್ಕೆ 137 ಎಂಬ ವೇಗ ಅಂಟಿಸುತ್ತದೆ. ಲೂಪುಗಳ ವೇಗ 137, 68.5 ಎಂಬಂಥ ವಿಚಿತ್ರ ಅಂಕಿಗಳಲ್ಲಿ ಗುಂಪುಗೂಡಿದ್ದರೆ ಇದೇ ಕಾರಣ. ಶ್ರುತಿಯ ವಿಷಯದಲ್ಲೂ ಮೇಜರ್-ಮೈನರ್ ಅಚ್ಚಿಗೆ ಒಗ್ಗದ ರಾಗಕ್ಕೆ ಅದು ಏನೋ ಒಂದನ್ನು ಹೇಳಿಬಿಡುತ್ತದೆ. ತಂಬೂರಿ ಮತ್ತು ಗಾಯನದ ತುಣುಕುಗಳಿಗೆ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಕೈಯಾರೆ ಬರೆಯುವುದೇ ಸರಿ.

ಹಂತ 10: ಹುಡುಕುವಾಗ ಮತ್ತು ಕೇಳುವಾಗ

ಮೊದಲು ವರ್ಗದಿಂದ ವ್ಯಾಪ್ತಿ ಕಿರಿದುಮಾಡಿ, ಆಮೇಲೆ ಪದ ಬರೆಯಿರಿ. ಬೇಡದ ಪದವನ್ನು ಹೊರಗಿಡುವ ಚಿಹ್ನೆ ನಿಮ್ಮ ತಂತ್ರಾಂಶದಲ್ಲಿ ಯಾವುದೆಂದು ತಿಳಿದಿಟ್ಟುಕೊಳ್ಳಿ. ಬಾಗಿಲು ಬೇಕು, ಕಾರಿನದು ಬೇಡ ಎಂಬ ಹುಡುಕಾಟ ಐನೂರು ಸಾಲಿನ ಪಟ್ಟಿಯನ್ನು ಐವತ್ತಕ್ಕೆ ಇಳಿಸಬಲ್ಲದು. ಒಂದೊಂದು ಅಕ್ಷರ ಒತ್ತಿದಾಗಲೂ ಪಟ್ಟಿ ಬದಲಾಗುತ್ತಾ ತೊಡರುತ್ತಿದ್ದರೆ ಎಂಟರ್ ಒತ್ತಿದ ಮೇಲಷ್ಟೇ ಹುಡುಕುವ ಆಯ್ಕೆಗೆ ಬದಲಿಸಿ.

ಕೇಳುವಾಗ ಸದ್ದು ಸುಮಾರು ಒಂದೂವರೆ ಸ್ವರಸ್ಥಾನ ಏರಿ, ಕೊಂಚ ವೇಗವಾಗಿ ಬಂದರೆ 44.1 ಕಿಲೋಹರ್ಟ್ಸ್ ಕಡತ 48ರಲ್ಲಿ ಓಡುತ್ತಿದೆ. ಪ್ಲೇಯರ್‌ನಲ್ಲಿ ದರ ಪರಿವರ್ತನೆ ಮುಚ್ಚಿದೆ ಎಂದು ತಿಳಿಯಿರಿ. ಸದ್ದೇ ಬಾರದಿದ್ದರೆ ವಿಂಡೋಸ್‌ನಲ್ಲಿ ಆಡಿಯೋ ಇಂಟರ್‌ಫೇಸನ್ನು ಇನ್ನೊಂದು ತಂತ್ರಾಂಶ ಒಂಟಿಯಾಗಿ ಹಿಡಿದಿಟ್ಟುಕೊಂಡಿದೆಯೇ ನೋಡಿ.

ಹಂತ 11: ಕೆಡದಂತೆ ನೋಡಿಕೊಳ್ಳುವುದು

ಹೊಸ ಪ್ಯಾಕ್ ಯಾವುದೇ ಇರಲಿ, ನೇರ ಲೈಬ್ರರಿಗೆ ಬರಬಾರದು. ‘ಬಂದದ್ದು’ ಎಂಬ ಒಂದು ಫೋಲ್ಡರಿನಲ್ಲಿ ನಾಲ್ಕರಿಂದ ಏಳರವರೆಗಿನ ಹಂತಗಳನ್ನು ದಾಟಿ ಬರಲಿ. ಸೋನಿಸ್ ಸಂಸ್ಥೆ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್ ಸಂದರ್ಭದಲ್ಲಿ ಉಚಿತವಾಗಿ ಕೊಡುವ ಕಂತೆಗಳಂಥವು ಒಮ್ಮೆಗೇ ಹಲವಾರು ಜಿಬಿ ಇರುತ್ತವೆ. ಒಂದನ್ನು ಹಾಗೆಯೇ ಸುರಿದರೆ ವಾರಗಟ್ಟಲೆ ಮಾಡಿದ ಶಿಸ್ತು ಸಡಿಲವಾಗುತ್ತದೆ. ಇಡೀ ಡಿಸ್ಕನ್ನು ಸದಾ ಕಾಯುತ್ತಿರುವ ಸ್ವಯಂ ಸ್ಕ್ಯಾನ್ ಆಯ್ಕೆಯನ್ನು ಮುಚ್ಚಿ, ಹೊಸದು ಸೇರಿದಾಗ ಆ ಫೋಲ್ಡರನ್ನಷ್ಟೇ ಕೈಯಾರೆ ಸ್ಕ್ಯಾನ್ ಮಾಡಿ.

ಡೇಟಾಬೇಸಿನ ಪ್ರತಿಯನ್ನು ತಂತ್ರಾಂಶ ಮುಚ್ಚಿದ ಮೇಲೆ ತೆಗೆಯಬೇಕು. ತೆರೆದಿರುವಾಗ ತೆಗೆದ ಪ್ರತಿ ಅರ್ಧಂಬರ್ಧ ಇರುವ ಸಾಧ್ಯತೆ ಇದೆ. ಹೊಸ ಡಿಸ್ಕಿಗೆ ಲೈಬ್ರರಿ ಸಾಗಿಸುವಾಗ ವಿಂಡೋಸ್‌ನಲ್ಲಿ ಹಳೆಯ ಡ್ರೈವ್ ಅಕ್ಷರವನ್ನೇ, ಮ್ಯಾಕ್‌ನಲ್ಲಿ ಹಳೆಯ ಡಿಸ್ಕಿನ ಹೆಸರನ್ನೇ ಹೊಸದಕ್ಕೆ ಕೊಟ್ಟರೆ ದಾರಿಗಳು ಬದಲಾಗುವುದಿಲ್ಲ, ಪ್ರಾಜೆಕ್ಟುಗಳೂ ಮುರಿಯುವುದಿಲ್ಲ. ಆದರೂ ಕಡತಗಳು ಕಾಣೆಯಾಗಿವೆ ಎಂದು ತಂತ್ರಾಂಶ ಕೆಂಪು ಗುರುತು ತೋರಿಸಿದರೆ ಅವನ್ನು ಪಟ್ಟಿಯಿಂದ ತೆಗೆದು ಹೊಸದಾಗಿ ಸ್ಕ್ಯಾನ್ ಮಾಡಬೇಡಿ. ಡೇಟಾಬೇಸಿನಲ್ಲಷ್ಟೇ ಇದ್ದ ಅಂಕಗಳು, ಮೆಚ್ಚಿನ ಗುರುತುಗಳು, ಟಿಪ್ಪಣಿಗಳು ಅದರೊಂದಿಗೇ ಅಳಿಯುತ್ತವೆ. ದಾರಿ ಬದಲಿಸುವ ಅಥವಾ ಮರುಜೋಡಿಸುವ ಆಯ್ಕೆಯನ್ನು ಹುಡುಕಿ, ಒಂದು ಫೋಲ್ಡರಿನ ಮೇಲೆ ಪರೀಕ್ಷಿಸಿ, ಕೆಂಪು ಗುರುತು ಹೋದ ಮೇಲೆ ಉಳಿದದ್ದಕ್ಕೆ ಅನ್ವಯಿಸಿ.